ಮರೆತುಹೋದ ವಿಶ್ರಾಂತಿವೇತನ

ದಾವಣಗೆರೆಯನ್ನು ಒಂದು ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದರು. ಗಿರಣಿಯ ಸಿಳ್ಳು ಕೇಳಿಸಿದೊಡನೆ ಬುತ್ತಿಯನ್ನು ಕೈಯಲ್ಲಿ ಹಿಡಿದ ಕಾರ್ಮಿಕರು ತಂಡತಂಡವಾಗಿ ಬೀದಿಗಿಳಿಯುತ್ತಿದ್ದರು. ಕಾಲಕ್ರಮದಲ್ಲಿ ಆ ಹತ್ತಿಗಿರಣಿಗಳು ಒಂದೊಂದಾಗಿ ಮುಚ್ಚಿದುವು. ಅವುಗಳಲ್ಲಿ ದುಡಿದವರು ಚದುರಿಹೋದರು. ಕೆಲವರು ತಮ್ಮ ಹಳ್ಳಿಗಳಿಗೆ ಮರಳಿ ಹೊಲದ ಕೂಲಿಗೆ ನಿಂತರು. ಕೆಲವರು ಬೆಂಗಳೂರನ್ನು ಸೇರಿ ಕಟ್ಟಡಗಳ ಕಾವಲುಗಾರರಾದರು. ಮತ್ತೆ ಕೆಲವರು ಸಣ್ಣ ಅಂಗಡಿಯಿಟ್ಟು ಹೊಟ್ಟೆ ಹೊರೆದರು.

ಅಂಥ ಒಬ್ಬ ಕಾರ್ಮಿಕನ ಮನೆಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಆತನು 1979ರಲ್ಲಿ ಗಿರಣಿಯ ನೂಲುವ ವಿಭಾಗಕ್ಕೆ ಸೇರಿದನು. 1998ರಲ್ಲಿ ಗಿರಣಿ ಮುಚ್ಚಿದಾಗ ಆತನಿಗೆ ನಲವತ್ತೊಂದು ವರ್ಷ. ಭವಿಷ್ಯನಿಧಿಯ ಹಣವನ್ನು ಪಡೆದು ಮಗಳ ಮದುವೆಯನ್ನು ಮುಗಿಸಿದನು. ಗಿರಣಿಯ ಲೆಕ್ಕ ಅಲ್ಲಿಗೆ ಚುಕ್ತಾ ಆಯಿತೆಂದು ಮನೆಯವರಿಗೆ ಹೇಳಿದನು. 2009ರಲ್ಲಿ ಆತನು ತೀರಿಕೊಂಡನು. ಆತನ ಹೆಂಡತಿ ಈಗ ಹರಿಹರದ ಸಮೀಪದ ಒಂದು ಹಳ್ಳಿಯಲ್ಲಿ ಮಗನ ಮನೆಯಲ್ಲಿದ್ದಾಳೆ. ಮನೆಯ ಅಟ್ಟದ ಮೇಲೆ ಒಂದು ತಗಡಿನ ಪೆಟ್ಟಿಗೆಯಿದೆ. ಅದರಲ್ಲಿ ಹಳೆಯ ಪಡಿತರ ಚೀಟಿ, ಗಿರಣಿಯ ಹಿತ್ತಾಳೆಯ ಬಿಲ್ಲೆ, ಮಡಿಕೆಗಳಲ್ಲಿ ಹರಿಯತೊಡಗಿದ ಕೆಲವು ಕಾಗದಗಳು ಇವೆ. ಒಂಬತ್ತನೆಯ ತರಗತಿಯಲ್ಲಿ ಓದುವ ಮೊಮ್ಮಗಳು ಒಂದು ಮಾಸಿದ ಚೀಟಿಯನ್ನು ಬೆಳಕಿಗೆ ಹಿಡಿದು, "ಅಜ್ಜಿ, ಇದರಲ್ಲಿ ಅಜ್ಜನ ಹೆಸರಿದೆ, ಕೆಳಗೆ ಯಾವುದೋ ನಂಬರಿದೆ" ಎನ್ನುತ್ತಾಳೆ. "ಅದೆಲ್ಲ ಮುಗಿದುಹೋದ ಲೆಕ್ಕ ತಾಯಿ, ಎತ್ತಿಡು" ಎಂದು ಅಜ್ಜಿ ಉತ್ತರಿಸುತ್ತಾಳೆ.

ಅಜ್ಜಿಯ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದ ಅರ್ಧವನ್ನು ತಿಳಿಯಬೇಕಾದರೆ ಆ ಚೀಟಿ ಎಲ್ಲಿಂದ ಬಂದಿತು ಎಂಬುದನ್ನು ಮೊದಲು ನೋಡಬೇಕು.

ಸರ್ಕಾರಿ ನೌಕರರಿಗೆ ನಿವೃತ್ತರಾದ ಮೇಲೆ ವಿಶ್ರಾಂತಿವೇತನ ಅಥವಾ ಪಿಂಚಣಿ ಕೊಡುವ ಪದ್ಧತಿ ನಮ್ಮ ದೇಶದಲ್ಲಿ ಬ್ರಿಟಿಷರ ಕಾಲದಿಂದಲೂ ಉಂಟು. ಕಾರ್ಖಾನೆಯ ಕಾರ್ಮಿಕನಿಗೆ ಅಂಥ ಆಸರೆ ಬಹುಮಟ್ಟಿಗೆ ಇರಲಿಲ್ಲ. ಕೈಯಲ್ಲಿ ಶಕ್ತಿಯಿರುವವರೆಗೆ ಕೂಲಿ. ಶಕ್ತಿ ಕುಂದಿದ ಮೇಲೆ ಮಕ್ಕಳೇ ಗತಿ. ಸ್ವಾತಂತ್ರ್ಯ ಬಂದ ಕೆಲವೇ ವರ್ಷಗಳಲ್ಲಿ ಈ ಕೊರತೆಯನ್ನು ನೀಗಿಸುವ ಪ್ರಯತ್ನ ನಡೆಯಿತು. 1951ರ ನವೆಂಬರ್ 15ರಂದು ಭಾರತ ಸರ್ಕಾರವು ನೌಕರರ ಭವಿಷ್ಯನಿಧಿಯ ಬಗ್ಗೆ ಸುಗ್ರೀವಾಜ್ಞೆಯೊಂದನ್ನು ಹೊರಡಿಸಿತು. ಮರುವರ್ಷ, ಅಂದರೆ 1952ರಲ್ಲಿ, ಅದು ಸಂಸತ್ತಿನ ಕಾಯಿದೆಯಾಯಿತು. ಮೊದಲು ಆರು ಉದ್ಯಮಗಳಿಗೆ ಮಾತ್ರ ಅದು ಅನ್ವಯಿಸಿತು: ಬಟ್ಟೆ, ಸಿಮೆಂಟು, ಸಿಗರೇಟು, ಕಾಗದ, ಕಬ್ಬಿಣ ಮತ್ತು ಉಕ್ಕು, ಯಂತ್ರೋಪಕರಣ. ಬಟ್ಟೆಯ ಗಿರಣಿಗಳು ಈ ಪಟ್ಟಿಯಲ್ಲಿ ಮೊದಲಿನಿಂದಲೇ ಇದ್ದುವೆಂಬುದು ಗಮನಿಸಬೇಕಾದ ಸಂಗತಿ. ಮುಂದೆ ಉದ್ಯಮಗಳ ಪಟ್ಟಿ ಬೆಳೆಯುತ್ತ ಹೋಯಿತು; ನಿಯಮಗಳೂ ಅನೇಕ ಬಾರಿ ತಿದ್ದುಪಡಿಯಾದುವು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಭವಿಷ್ಯನಿಧಿಯ ಏರ್ಪಾಡಿಗೆ ಒಂದು ಅಧ್ಯಾಯವೇ ಮೀಸಲಾಗಿದೆ.

ಏರ್ಪಾಡಿನ ತತ್ತ್ವ ಸರಳವಾದುದು. ಪ್ರತಿ ತಿಂಗಳೂ ನೌಕರನ ವೇತನದಿಂದ ಒಂದು ಪಾಲನ್ನು ಹಿಡಿದುಕೊಳ್ಳಲಾಗುತ್ತದೆ. ಅಷ್ಟೇ ಪಾಲನ್ನು ಮಾಲೀಕನೂ ಸೇರಿಸಬೇಕಾಗುತ್ತದೆ. ಮೊದಮೊದಲು ಈ ಪಾಲು ರೂಪಾಯಿಗೆ ಒಂದಾಣೆ, ಅಂದರೆ ಶೇಕಡಾ 6.25 ಇತ್ತು, 1997ರಿಂದ ಬಹುತೇಕ ಉದ್ಯಮಗಳಲ್ಲಿ ಶೇಕಡಾ 12 ಆಯಿತು. ಈ ಹಣವೆಲ್ಲ ನೌಕರರ ಭವಿಷ್ಯನಿಧಿ ಸಂಘಟನೆಯೆಂಬ ಸಂಸ್ಥೆಯಲ್ಲಿ ಆತನ ಹೆಸರಿನ ಖಾತೆಗೆ ಜಮೆಯಾಗಿ ಬಡ್ಡಿಯೊಡನೆ ಬೆಳೆಯುತ್ತದೆ. ವರ್ಷಕ್ಕೊಮ್ಮೆ ಖಾತೆಯ ಲೆಕ್ಕವನ್ನು ತಿಳಿಸುವ ಚೀಟಿಯೊಂದು ನೌಕರನ ಕೈಸೇರುತ್ತಿತ್ತು. ಪೆಟ್ಟಿಗೆಯಲ್ಲಿ ಮೊಮ್ಮಗಳಿಗೆ ದೊರೆತದ್ದು ಅಂಥದೇ ಒಂದು ವಾರ್ಷಿಕ ಚೀಟಿ.

ಭವಿಷ್ಯನಿಧಿಯೊಂದೇ ಆಗಿದ್ದರೆ ಅಜ್ಜಿಯ ಮಾತು ಪೂರ್ತಿ ನಿಜವಾಗುತ್ತಿತ್ತು. ಆದರೆ 1971ರ ಮಾರ್ಚ್ 1ರಿಂದ ಕುಟುಂಬ ಪಿಂಚಣಿ ಯೋಜನೆಯೊಂದು ಜಾರಿಗೆ ಬಂದಿತು. ನೌಕರನು ಸೇವೆಯಲ್ಲಿರುವಾಗಲೇ ಮೃತನಾದರೆ ಆತನ ಹೆಂಡತಿ ಮಕ್ಕಳಿಗೆ ನೆರವಾಗಲೆಂದು ವಂತಿಗೆಯ ಅಲ್ಪಭಾಗವನ್ನು ಅದಕ್ಕಾಗಿ ಬೇರೆ ತೆಗೆದಿರಿಸಲಾಗುತ್ತಿತ್ತು. 1995ರ ನವೆಂಬರ್ 16ರಂದು ಅದರ ಸ್ಥಾನದಲ್ಲಿ ಇನ್ನೂ ವಿಶಾಲವಾದ ನೌಕರರ ಪಿಂಚಣಿ ಯೋಜನೆ ಬಂದಿತು. ಅಂದಿನಿಂದ ಮಾಲೀಕನ ಪಾಲಿನಲ್ಲಿ ವೇತನದ ಶೇಕಡಾ 8.33ರಷ್ಟು ಪಿಂಚಣಿಯ ನಿಧಿಗೆ ಸೇರತೊಡಗಿತು. ಹಳೆಯ ಕುಟುಂಬ ಪಿಂಚಣಿ ಯೋಜನೆಯ ಸದಸ್ಯರಾಗಿ ಆಗ ಸೇವೆಯಲ್ಲಿದ್ದವರೆಲ್ಲರೂ ತಾವಾಗಿಯೇ ಹೊಸ ಯೋಜನೆಗೆ ಸೇರಿದರು. ಅವರ ಹಿಂದಿನ ಸೇವೆಯೂ ಲೆಕ್ಕಕ್ಕೆ ಬಂದಿತು. ಅವರಲ್ಲಿ ಎಷ್ಟೋ ಮಂದಿಗೆ ತಾವು ಸೇರಿದ್ದೇ ತಿಳಿಯಲಿಲ್ಲ. ತಿಳಿಯದೆ ಸೇರಿದವರು ತಿಳಿಯದೆಯೇ ಅದನ್ನು ಬಿಟ್ಟುಹೋದುದರಲ್ಲಿ ಆಶ್ಚರ್ಯವಿಲ್ಲ.

ಭವಿಷ್ಯನಿಧಿಗೂ ಪಿಂಚಣಿಗೂ ಇರುವ ಭೇದವನ್ನು ಇಲ್ಲಿ ಚೆನ್ನಾಗಿ ಮನಗಾಣಬೇಕು. ಭವಿಷ್ಯನಿಧಿಯು ಕಣಜದಂತೆ, ತುಂಬಿದ್ದನ್ನು ತೆಗೆದುಕೊಂಡರೆ ಅದು ಬರಿದಾಗುತ್ತದೆ. ಪಿಂಚಣಿಯು ತೆಂಗಿನ ಸಸಿಯಂತೆ; ಇಂತಿಷ್ಟು ವರ್ಷ ನೀರೆರೆದವನಿಗೆ ಅದು ಮುಂದೆ ಬದುಕಿರುವವರೆಗೂ ಫಲ ಕೊಡುತ್ತದೆ. ಒಬ್ಬ ಸದಸ್ಯನ ಪಿಂಚಣಿಗೆ ಇಷ್ಟು ರೂಪಾಯಿ ಬಾಕಿಯಿದೆಯೆಂದು ಹೇಳುವ ಪ್ರತ್ಯೇಕ ಗಂಟು ಎಲ್ಲಿಯೂ ಇರುವುದಿಲ್ಲ. ಇರುವುದು ಆತನ ಸೇವೆಯ ವರ್ಷಗಳ ದಾಖಲೆ ಮಾತ್ರ. ಆ ದಾಖಲೆಯಿಂದ ಹುಟ್ಟುವುದು ಹಕ್ಕು. ಆದುದರಿಂದ ಭವಿಷ್ಯನಿಧಿಯ ಖಾತೆಯಲ್ಲಿ ಸೊನ್ನೆಯನ್ನು ಕಂಡು, ಬರಬೇಕಾದುದೆಲ್ಲ ಬಂದುಹೋಯಿತೆಂದು ತೀರ್ಮಾನಿಸುವುದು ತಪ್ಪು. ಈ ಒಂದು ತಪ್ಪಿನಿಂದಲೇ ಎಷ್ಟೋ ಕುಟುಂಬಗಳು ತಮಗೆ ಸಲ್ಲಬೇಕಾದುದನ್ನು ಕೇಳದೆ ಕುಳಿತಿರುತ್ತವೆ.

ಹಕ್ಕು ಯಾರಿಗೆ ಹುಟ್ಟುತ್ತದೆ? ಹತ್ತು ವರ್ಷಗಳ ಸೇವೆ ಪೂರೈಸಿದವರಿಗೆ ಐವತ್ತೆಂಟು ವರ್ಷ ತುಂಬಿದಾಗ ಮಾಸಿಕ ಪಿಂಚಣಿ ಸಲ್ಲುತ್ತದೆ. ಐವತ್ತು ದಾಟಿದವರು ಮೊದಲೇ ಬೇಕೆಂದರೆ ಪಡೆಯಬಹುದು. ಆದರೆ ಮುಂಚಿತವಾದ ಪ್ರತಿ ವರ್ಷಕ್ಕೂ ಶೇಕಡಾ 4ರಷ್ಟು ಕಡಿತವಾಗುತ್ತದೆ. ಲೆಕ್ಕದ ಸೂತ್ರ ಹೀಗಿದೆ: ಪಿಂಚಣಿಗೆ ಪರಿಗಣಿಸುವ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ ಎಪ್ಪತ್ತರಿಂದ ಭಾಗಿಸಬೇಕು. ವೇತನ 10,000 ರೂಪಾಯಿ, ಸೇವೆ 14 ವರ್ಷವೆಂದರೆ ತಿಂಗಳಿಗೆ 2,000 ರೂಪಾಯಿ ಬರುತ್ತದೆ. 1995ಕ್ಕೆ ಹಿಂದಿನ ಸೇವೆಯುಳ್ಳವರ ಲೆಕ್ಕ ಸ್ವಲ್ಪ ಬೇರೆಯಾದುದು; ಅದನ್ನು ಕಛೇರಿಯವರೇ ಮಾಡುತ್ತಾರೆ. 2014ರ ಸೆಪ್ಟೆಂಬರಿನಿಂದ ಸದಸ್ಯನಿಗೂ ಆತನ ವಿಧವೆಗೂ ತಿಂಗಳಿಗೆ ಕನಿಷ್ಠ 1,000 ರೂಪಾಯಿ ಸಲ್ಲಬೇಕೆಂದು ಗೊತ್ತುಪಡಿಸಲಾಯಿತು. ಇದು ದೊಡ್ಡ ಮೊತ್ತವಲ್ಲ. ಹೆಚ್ಚಿಸಬೇಕೆಂದು ಪಿಂಚಣಿದಾರರು ವರ್ಷಗಳಿಂದ ಕೇಳುತ್ತ ಬಂದಿದ್ದಾರೆ. ಆದರೂ ಮಾತ್ರೆ ಔಷಧಿಗೆ ಮಗನ ಕಡೆ ನೋಡಬೇಕಾದ ಮುದುಕಿಗೆ ತಿಂಗಳಿಗೊಮ್ಮೆ ತನ್ನದೇ ಹೆಸರಿನಲ್ಲಿ ಬರುವ ಸಾವಿರ ರೂಪಾಯಿಯ ಬೆಲೆ ಏನೆಂಬುದು ಅಂಥ ಮನೆಗಳಲ್ಲಿ ಬೆಳೆದವರಿಗೆ ಗೊತ್ತು.

ಹತ್ತು ವರ್ಷಕ್ಕಿಂತ ಕಡಮೆ ಸೇವೆಯವರು ಪಿಂಚಣಿಯ ಪಾಲನ್ನು ಒಟ್ಟಾಗಿ ಹಿಂದಕ್ಕೆ ಪಡೆಯಲು ಅವಕಾಶವಿದೆ. ಬೇಡವೆಂದರೆ ಸೇವೆಯ ಅವಧಿಯನ್ನು ನಮೂದಿಸಿದ ಯೋಜನಾ ಪ್ರಮಾಣಪತ್ರವನ್ನು ಪಡೆಯಬಹುದು. ಮುಂದೆ ಬೇರೆ ಕಡೆ ದುಡಿದಾಗ ಹಳೆಯ ವರ್ಷಗಳು ಹೊಸ ವರ್ಷಗಳಿಗೆ ಕೂಡುತ್ತವೆ. ಆರು ವರ್ಷ ಒಂದು ಕಡೆ, ಐದು ವರ್ಷ ಇನ್ನೊಂದು ಕಡೆ ದುಡಿದವನು ಇವೆರಡನ್ನೂ ಕೂಡಿಸದೆ ಹೋದರೆ ಯಾವುದರಲ್ಲಿಯೂ ಹತ್ತು ತುಂಬುವುದಿಲ್ಲ, ಕೂಡಿಸಿದರೆ ಹನ್ನೊಂದಾಗುತ್ತದೆ. ಹತ್ತು ವರ್ಷ ದಾಟಿದವರಿಗೆ ಮಾತ್ರ ಒಟ್ಟಾಗಿ ಹಿಂಪಡೆಯುವ ಅವಕಾಶವಿಲ್ಲ. ಅವರ ಹಕ್ಕು ಪಿಂಚಣಿಯ ರೂಪದಲ್ಲಿಯೇ ಕಾದಿರುತ್ತದೆ.

ಈಗ ಹರಿಹರದ ಬಳಿಯ ಆ ಮನೆಗೆ ಮರಳಬಹುದು. 1979ರಿಂದ 1998ರವರೆಗೆ ಹತ್ತೊಂಬತ್ತು ವರ್ಷಗಳ ಸೇವೆ. ಗಿರಣಿ ಮುಚ್ಚಿದಾಗ ಆತನು ಪಡೆದದ್ದು ಭವಿಷ್ಯನಿಧಿಯ ಹಣವನ್ನು ಮಾತ್ರ; ಪಿಂಚಣಿಯ ಹಕ್ಕು ಹಾಗೆಯೇ ಉಳಿಯಿತು. ಸೇವೆಯನ್ನು ಬಿಟ್ಟ ಮೇಲೆ, ಐವತ್ತೆಂಟು ತುಂಬುವ ಮೊದಲೇ ಆತನು ತೀರಿಕೊಂಡರೂ, ಹತ್ತು ವರ್ಷಗಳ ಸೇವೆ ಮುಗಿದಿದ್ದುದರಿಂದ ಆತನ ಮರಣದ ಮರುದಿನದಿಂದಲೇ ಹೆಂಡತಿಗೆ ಪಿಂಚಣಿ ಸಲ್ಲುತ್ತದೆ. ಆಕೆ ಪುನರ್ವಿವಾಹವಾಗದಿದ್ದರೆ ಬದುಕಿರುವವರೆಗೂ ಅದು ಬರುತ್ತದೆ. ಆಗ ಇಪ್ಪತ್ತೈದು ವರ್ಷದೊಳಗಿನ ಮಕ್ಕಳಿದ್ದರೆ ಇಬ್ಬರಿಗೆ ಬೇರೆ ಪಾಲೂ ಉಂಟು. ಕೇಳದೆ ಕಳೆದ ಕಾಲಕ್ಕೆ ಬಾಕಿಯೂ ಸಲ್ಲುತ್ತದೆ. ಕನಿಷ್ಠ ಮೊತ್ತವನ್ನೇ ಹಿಡಿದರೂ 2014ರ ಸೆಪ್ಟೆಂಬರಿನಿಂದ 2024ರ ಆಗಸ್ಟಿನವರೆಗಿನ ಹತ್ತು ವರ್ಷಗಳಿಗೆ 1,20,000 ರೂಪಾಯಿ. ಆ ಹಿಂದಿನ ಐದು ವರ್ಷಗಳ ಲೆಕ್ಕ ಬೇರೆ.

ಇಂಥ ಹಣ ಮರೆತುಹೋಗುವುದೇಕೆ? ನಿಜ ಹೇಳಬೇಕೆಂದರೆ ಹಣ ಎಲ್ಲಿಯೂ ಹೋಗಿರುವುದಿಲ್ಲ. ಹಣಕ್ಕೂ ಮನುಷ್ಯನಿಗೂ ನಡುವಿನ ಕೊಂಡಿ ಕಳಚಿಹೋಗಿರುತ್ತದೆ. ಹಿಂದೆ ಕೆಲಸ ಬದಲಾದಾಗಲೆಲ್ಲ ನೌಕರನಿಗೆ ಹೊಸ ಖಾತೆ, ಹೊಸ ಸಂಖ್ಯೆ ಬರುತ್ತಿತ್ತು. ಮೂರು ಕಡೆ ದುಡಿದವನಿಗೆ ಮೂರು ಸಂಖ್ಯೆಗಳು. ಅವುಗಳಲ್ಲಿ ಒಂದೂ ನೆನಪಿನಲ್ಲಿರುವುದಿಲ್ಲ. 2014ರಲ್ಲಿ ಹನ್ನೆರಡು ಅಂಕಿಗಳ ಸಾರ್ವತ್ರಿಕ ಖಾತೆ ಸಂಖ್ಯೆಯ ಪದ್ಧತಿ ಬಂದ ಮೇಲೆ ಒಬ್ಬ ನೌಕರನ ಎಲ್ಲ ಖಾತೆಗಳನ್ನು ಒಂದೇ ಸಂಖ್ಯೆಯಡಿ ತರಲು ಸಾಧ್ಯವಾಯಿತು. ಆದರೆ ಅದಕ್ಕೆ ಮೊದಲೇ ಕೆಲಸ ಬಿಟ್ಟವರಿಗೆ ಆ ಸಂಖ್ಯೆಯೇ ಇಲ್ಲ.

ಹೆಸರಿನ ತೊಡಕು ಇನ್ನೂ ದೊಡ್ಡದು. ಊರಿನಲ್ಲಿ ಬಸಣ್ಣನಾದವನು ಶಾಲೆಯ ದಾಖಲೆಯಲ್ಲಿ ಬಸವರಾಜ, ಗಿರಣಿಯ ಹಾಜರಿ ಪುಸ್ತಕದಲ್ಲಿ ಬಸಪ್ಪ, ಆಧಾರ್ ಚೀಟಿಯಲ್ಲಿ ಬಸವರಾಜಪ್ಪ. ಗಿರಣಿಯ ಗುಮಾಸ್ತನು ಇಂಗ್ಲಿಷಿನಲ್ಲಿ ಬರೆಯುವಾಗ ಒಂದಕ್ಷರ ಕೂಡಿಸಿದನೋ ಬಿಟ್ಟನೋ ಯಾರೂ ನೋಡಿದವರಿಲ್ಲ. ಹುಟ್ಟಿದ ದಿನವೋ, ಎಷ್ಟೋ ಮಂದಿಗೆ ಅಂದಾಜಿನದು. ಯಂತ್ರದ ಮುಂದೆ ಈ ನಾಲ್ವರೂ ನಾಲ್ಕು ಬೇರೆ ಮನುಷ್ಯರಾಗಿ ನಿಲ್ಲುತ್ತಾರೆ.

ಕರಾವಳಿಯ ಬೀಡಿ ಕಾರ್ಮಿಕರ ಸಂಗತಿಯನ್ನು ಇಲ್ಲಿ ನೆನೆಯಬೇಕು. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟಿದ ಹೆಂಗಸರ ಸಂಖ್ಯೆ ಬಹಳ ದೊಡ್ಡದು. ಬೀಡಿ ಉದ್ಯಮವನ್ನು 1977ರಲ್ಲಿ ಭವಿಷ್ಯನಿಧಿಯ ಕಾಯಿದೆಯ ವ್ಯಾಪ್ತಿಗೆ ತಂದರು. ಮನೆಯಲ್ಲಿ ಕುಳಿತು ಕೆಲಸ ಮಾಡುವವರು ನೌಕರರೇ ಅಲ್ಲವೆಂಬ ವಾದವೆದ್ದಾಗ ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಅವರೂ ನೌಕರರೇ ಎಂದು ನ್ಯಾಯಾಲಯವು 1985ರಲ್ಲಿ ತೀರ್ಪಿತ್ತಿತು. ಬ್ರಾಂಚು ಬದಲಾಯಿಸಿದವರು, ಮದುವೆಯಾಗಿ ಬೇರೆ ಊರು ಸೇರಿದವರು, ಬೀಡಿ ಬಿಟ್ಟು ಬೇರೆ ಕೆಲಸ ಹಿಡಿದವರು, ಹೀಗೆ ಅವರ ದಾಖಲೆಗಳು ತುಂಡುತುಂಡಾಗಿ ಉಳಿಯುವ ಸಂಭವ ಹೆಚ್ಚು.

ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳಾದರೋ ಈ ಹಣದ ಬಗ್ಗೆ ಎಚ್ಚರ ತಪ್ಪಿದವರಲ್ಲ. ಮಾಲೀಕರ ಪಾಲಿನ ಹಣವನ್ನು ಐವತ್ತೆಂಟು ವರ್ಷದವರೆಗೆ ತೆಗೆಯುವಂತಿಲ್ಲವೆಂದು 2016ರ ಫೆಬ್ರವರಿಯಲ್ಲಿ ನಿಯಮವೊಂದು ಬಂದಾಗ, ಅದೇ ಏಪ್ರಿಲಿನಲ್ಲಿ ಅವರು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಬೀದಿಗಿಳಿದು ಹೆದ್ದಾರಿಗಳನ್ನು ತಡೆದರು. ಏಪ್ರಿಲ್ 19ರಂದು ಕೇಂದ್ರ ಸರ್ಕಾರವು ಆ ನಿಯಮವನ್ನು ಹಿಂದೆಗೆದುಕೊಂಡಿತು. ಅವರು ಕಾದಾಡಿದ್ದು ಕೂಡಲೆ ಕೈಗೆ ಬರಬಹುದಾದ ಹಣಕ್ಕಾಗಿ. ದೂರದ ಪಿಂಚಣಿಯ ಬಗ್ಗೆ ಇಪ್ಪತ್ತರ ವಯಸ್ಸಿನಲ್ಲಿ ಯಾರು ಯೋಚಿಸುತ್ತಾರೆ?

ಹುಡುಕಾಟ ಎಲ್ಲಿಂದ ಆರಂಭವಾಗಬೇಕು? ಮೊದಲನೆಯದು ಪೆಟ್ಟಿಗೆ. ಹಳೆಯ ವಾರ್ಷಿಕ ಚೀಟಿ, ವೇತನದ ಚೀಟಿ, ನೇಮಕದ ಪತ್ರ, ಬಿಲ್ಲೆ ಇವುಗಳಲ್ಲಿ ಒಂದಾದರೂ ಇದ್ದರೆ ಅರ್ಧ ಕೆಲಸ ಆದಂತೆ. ಖಾತೆಯ ಸಂಖ್ಯೆ ಮೂರು ಭಾಗಗಳಿಂದ ಕೂಡಿದ್ದು. ಮೊದಲಿಗೆ ಪ್ರದೇಶವನ್ನು ಸೂಚಿಸುವ ಅಕ್ಷರಗಳು ಬರುತ್ತವೆ. ಕರ್ನಾಟಕದ ಹಳೆಯ ಚೀಟಿಗಳಲ್ಲಿ ಅವು ಕೆ.ಎನ್. ಎಂದಿರುತ್ತವೆ. ಅನಂತರದ್ದು ಕಾರ್ಖಾನೆಯ ಸಂಖ್ಯೆ. ಕಡೆಯದು ಆ ಕಾರ್ಖಾನೆಯ ಸದಸ್ಯರಲ್ಲಿ ಆತನ ಸಂಖ್ಯೆ. ಮನೆಯ ವಿಳಾಸದಲ್ಲಿ ಊರು, ಬೀದಿ, ಬಾಗಿಲಿನ ಸಂಖ್ಯೆ ಇದ್ದಂತೆಯೇ ಇದೂ.

ಚೀಟಿಯೇ ಇಲ್ಲದಿದ್ದರೆ? ಅದೇ ವಿಭಾಗದಲ್ಲಿ ಜೊತೆಗೆ ದುಡಿದವರಲ್ಲಿ ಯಾರ ಬಳಿಯಾದರೂ ಇದ್ದೀತು. ಅವರ ಚೀಟಿಯಿಂದ ಕಾರ್ಖಾನೆಯ ಸಂಖ್ಯೆ ಗೊತ್ತಾಗುತ್ತದೆ. ಸಂಘಟನೆಯ ಜಾಲತಾಣದಲ್ಲಿಯೂ ಕಾರ್ಖಾನೆಯ ಹೆಸರನ್ನು ಕೊಟ್ಟು ಅದರ ಸಂಖ್ಯೆಯನ್ನೂ, ಅದು ಯಾವ ಕಛೇರಿಗೆ ಸೇರಿದುದೆಂಬುದನ್ನೂ ಕಂಡುಕೊಳ್ಳಬಹುದು. ಮೊಮ್ಮಗಳಿಗೆ ಇದು ಐದು ನಿಮಿಷದ ಕೆಲಸ. ಅಜ್ಜಿಗೆ ಎಂದೂ ಆಗದ ಕೆಲಸ.

ಕಾರ್ಖಾನೆ ಮುಚ್ಚಿದ ಮಾತ್ರಕ್ಕೆ ದಾಖಲೆ ನಾಶವಾಗುವುದಿಲ್ಲ. 2012ರಿಂದ ಮಾಲೀಕರು ತಿಂಗಳ ಲೆಕ್ಕವನ್ನು ವಿದ್ಯುನ್ಮಾನ ರೂಪದಲ್ಲಿ ಒಪ್ಪಿಸುತ್ತಿದ್ದಾರೆ. ಅದಕ್ಕೆ ಹಿಂದಿನದೆಲ್ಲ ಕಾಗದದಲ್ಲಿ ನಡೆಯುತ್ತಿತ್ತು. ಒಂಬತ್ತನೆಯ ನಮೂನೆಯೆಂಬ ಪಟ್ಟಿಯಲ್ಲಿ ಸದಸ್ಯನ ಹೆಸರು, ತಂದೆಯ ಅಥವಾ ಗಂಡನ ಹೆಸರು, ಹುಟ್ಟಿದ ದಿನ, ಸೇರಿದ ದಿನ ಇರುತ್ತವೆ. 3-ಎ ಎಂಬ ವಾರ್ಷಿಕ ಪತ್ರದಲ್ಲಿ ತಿಂಗಳು ತಿಂಗಳಿನ ವಂತಿಗೆ ನಮೂದಾಗಿರುತ್ತದೆ. ಇವು ಭವಿಷ್ಯನಿಧಿಯ ಪ್ರಾದೇಶಿಕ ಕಛೇರಿಗೆ ಸಲ್ಲಿಕೆಯಾಗುತ್ತಿದ್ದ ಪತ್ರಗಳು. ಮುಚ್ಚಿದ ಕಂಪನಿಯ ಆಡಳಿತವು ನ್ಯಾಯಾಲಯದ ಮೂಲಕ ಸಮಾಪಕರ ವಶಕ್ಕೆ ಹೋಗಿದ್ದರೆ ಅವರ ಬಳಿಯೂ ಹಾಜರಿ ಮತ್ತು ವೇತನದ ಪುಸ್ತಕಗಳು ಇರುವುದುಂಟು.

ಕಛೇರಿಯಲ್ಲಿ ವಿಚಾರಿಸಿದಾಗ ತೃಪ್ತಿಕರವಾದ ಉತ್ತರ ದೊರೆಯದೆ ಹೋದರೆ ಅಲ್ಲಿಗೆ ಕೈಚೆಲ್ಲಬೇಕಾಗಿಲ್ಲ. ಸಂಘಟನೆಗೆ ದೂರು ದಾಖಲಿಸುವ ಪ್ರತ್ಯೇಕ ಜಾಲತಾಣವಿದೆ. 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಹತ್ತು ರೂಪಾಯಿ ಶುಲ್ಕದೊಡನೆ ಅರ್ಜಿ ಬರೆದರೆ ಮೂವತ್ತು ದಿನಗಳೊಳಗೆ ಉತ್ತರ ಬರಬೇಕು. ಬಡತನದ ರೇಖೆಗಿಂತ ಕೆಳಗಿರುವವರಿಗೆ ಆ ಶುಲ್ಕವೂ ಇಲ್ಲ. "ಇಂಥ ಕಾರ್ಖಾನೆಯಲ್ಲಿ ಇಂಥ ವರ್ಷದಿಂದ ಇಂಥ ವರ್ಷದವರೆಗೆ ದುಡಿದ ನನ್ನ ಗಂಡನ ಸೇವೆಯ ವಿವರ ಮತ್ತು ಆತನ ಪಿಂಚಣಿಯ ಸ್ಥಿತಿಯನ್ನು ತಿಳಿಸಬೇಕು" ಎಂಬ ಒಂದು ವಾಕ್ಯ ಸಾಕು. ಪತ್ರಲೇಖನವನ್ನು ಅಭ್ಯಾಸ ಮಾಡಿದ ಯಾವ ವಿದ್ಯಾರ್ಥಿಯೂ ಇದನ್ನು ಬರೆಯಬಲ್ಲನು.

ದಾಖಲೆ ಪತ್ತೆಯಾದ ಮೇಲೆ ಅರ್ಜಿ. ಪಿಂಚಣಿಯ ಅರ್ಜಿಗೆ 10-ಡಿ ನಮೂನೆಯೆಂದು ಹೆಸರು. ಗಂಡನ ಮರಣ ಪ್ರಮಾಣಪತ್ರ, ಅರ್ಜಿದಾರಳ ಆಧಾರ್, ಭಾವಚಿತ್ರ, ಬ್ಯಾಂಕಿನ ಪಾಸ್‌ಬುಕ್ಕಿನ ಪ್ರತಿ ಇವು ಅದರೊಡನೆ ಬೇಕಾಗುವ ಮುಖ್ಯ ಕಾಗದಗಳು. ಹೆಸರು ಅಥವಾ ದಿನಾಂಕಗಳಲ್ಲಿ ವ್ಯತ್ಯಾಸವಿದ್ದರೆ ಜಂಟಿ ಘೋಷಣೆಯೆಂಬ ಪತ್ರವನ್ನು ಕೊಟ್ಟು ತಿದ್ದಿಸಿಕೊಳ್ಳಬೇಕು. ಇದನ್ನು ಮೊದಲೇ ಮಾಡುವುದು ಒಳ್ಳೆಯದು. ಅರ್ಜಿಗಳು ಹಿಂದಿರುಗಿ ಬರುವುದು ಬಹುಮಟ್ಟಿಗೆ ಈ ಕಾರಣದಿಂದಲೇ. ನಾಮನಿರ್ದೇಶನದ ಪತ್ರದಲ್ಲಿ ಗಂಡನು ತನ್ನ ಹೆಸರನ್ನು ಬರೆದಿದ್ದನೋ ಇಲ್ಲವೋ ಎಂದು ಹೆಂಡತಿ ಅಂಜಬೇಕಾಗಿಲ್ಲ. ಈ ಯೋಜನೆಯಲ್ಲಿ ಪಿಂಚಣಿಯು ಮೊದಲು ಹೆಂಡತಿಗೆ ಅಥವಾ ಗಂಡನಿಗೆ ಸಲ್ಲತಕ್ಕದ್ದು. ಕುಟುಂಬವೇ ಇಲ್ಲದಿದ್ದಾಗ ಮಾತ್ರ ನಾಮನಿರ್ದೇಶಿತರ ಪ್ರಶ್ನೆ ಬರುತ್ತದೆ.

ಅರ್ಜಿಗೆ ಮಾಲೀಕನ ಸಹಿ ಬೇಕು, ಮಾಲೀಕನೇ ಇಲ್ಲವಲ್ಲ ಎಂಬ ಪ್ರಶ್ನೆ ಮುಚ್ಚಿದ ಕಾರ್ಖಾನೆಯವರೆಲ್ಲರದು. ಎಷ್ಟೋ ಮಂದಿ ಇಷ್ಟಕ್ಕೇ ಪ್ರಯತ್ನವನ್ನು ಬಿಟ್ಟಿದ್ದಾರೆ. ನಿಯಮದಲ್ಲಿ ಅದಕ್ಕೂ ದಾರಿಯಿದೆ. ಮ್ಯಾಜಿಸ್ಟ್ರೇಟರು, ಪತ್ರಾಂಕಿತ ಅಧಿಕಾರಿಗಳು, ಅಂಚೆ ಕಛೇರಿಯ ಮುಖ್ಯಸ್ಥರು, ಗ್ರಾಮ ಪಂಚಾಯಿತಿಯ ಅಧ್ಯಕ್ಷರು, ಖಾತೆಯಿರುವ ಬ್ಯಾಂಕಿನ ವ್ಯವಸ್ಥಾಪಕರು, ಶಾಸಕರು ಇವರಲ್ಲಿ ಒಬ್ಬರು ದೃಢೀಕರಿಸಬಹುದು. ಮಾನ್ಯತೆ ಪಡೆದ ವಿದ್ಯಾಸಂಸ್ಥೆಯ ಮುಖ್ಯಸ್ಥರೂ ಆ ಪಟ್ಟಿಯಲ್ಲಿದ್ದಾರೆ. ಮೊಮ್ಮಗಳು ಓದುವ ಶಾಲೆಯ ಮುಖ್ಯೋಪಾಧ್ಯಾಯರ ಸಹಿ ಮತ್ತು ಮೊಹರು ಗಿರಣಿಯ ಮಾಲೀಕನ ಸಹಿಯ ಸ್ಥಾನದಲ್ಲಿ ನಿಲ್ಲಬಲ್ಲುದು.

ಇಷ್ಟಾದರೂ ಕೇಳಲು ಸಂಕೋಚಪಡುವವರಿದ್ದಾರೆ. ಸರ್ಕಾರದ ಮುಂದೆ ಕೈಚಾಚಿದಂತಾಯಿತೆಂಬ ಅಳುಕು ಅದು. 1982ರ ಡಿಸೆಂಬರ್ 17ರಂದು ಸರ್ವೋಚ್ಚ ನ್ಯಾಯಾಲಯವು ನಕಾರಾ ಅವರ ಪ್ರಕರಣದಲ್ಲಿ ಸರ್ಕಾರಿ ನೌಕರರ ಪಿಂಚಣಿಯನ್ನು ಕುರಿತು ಹೇಳಿದ ಮಾತಿನ ಸಾರವು ಇವರಿಗೂ ತಿಳಿದಿರಬೇಕು: ಪಿಂಚಣಿಯು ಧಣಿಯ ಕೃಪೆಯಿಂದ ಬರುವ ದಾನವಲ್ಲ, ಹಿಂದೆ ಸಲ್ಲಿಸಿದ ಸೇವೆಗೆ ದೊರೆಯುವ ಹಕ್ಕು. ಗಿರಣಿಯ ಕಾರ್ಮಿಕನ ವಿಷಯದಲ್ಲಂತೂ ಆ ಹಣ ಆತನ ದುಡಿಮೆಯ ಲೆಕ್ಕದಲ್ಲಿಯೇ ಕಟ್ಟಿದುದು.

ಭವಿಷ್ಯನಿಧಿಯ ಹಣವನ್ನೇ ಪಡೆಯದೆ ಬಿಟ್ಟವರೂ ಕಡಮೆಯಿಲ್ಲ. ಸಂಸತ್ತಿಗೆ ಸರ್ಕಾರವು ಕೊಟ್ಟ ಲೆಕ್ಕದಂತೆ 2023-24ರಲ್ಲಿ ಸುಮಾರು 21 ಲಕ್ಷ ನಿಷ್ಕ್ರಿಯ ಖಾತೆಗಳಲ್ಲಿ ಸುಮಾರು 8,500 ಕೋಟಿ ರೂಪಾಯಿ ಉಳಿದಿತ್ತು. ನಿಷ್ಕ್ರಿಯವಾದ ಖಾತೆಗೆ ಬಡ್ಡಿ ಸೇರುವುದಿಲ್ಲ. ಖಾತೆ ನಿಷ್ಕ್ರಿಯವಾಗಿ ಏಳು ವರ್ಷವಾದರೂ ಕೇಳುವವರಿಲ್ಲದ ಹಣವನ್ನು ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ವರ್ಗಾಯಿಸಬೇಕೆಂದು 2016ರ ನಿಯಮ ಹೇಳುತ್ತದೆ. ಹಾಗೆ ವರ್ಗವಾದ ಮೇಲೂ ಇಪ್ಪತ್ತೈದು ವರ್ಷಗಳವರೆಗೆ ಹಕ್ಕುದಾರರು ಅದನ್ನು ಕೇಳಬಹುದು. ಆಮೇಲೆ ಅದು ಸರ್ಕಾರದ ಪಾಲಾಗುತ್ತದೆ. ಬ್ಯಾಂಕುಗಳಲ್ಲಿ ಹತ್ತು ವರ್ಷ ಮುಟ್ಟದೆ ಬಿಟ್ಟ ಠೇವಣಿಗಳ ಕಥೆಯೂ ಇಂಥದೇ. ಅವುಗಳನ್ನು ಹುಡುಕಲು ರಿಸರ್ವ್ ಬ್ಯಾಂಕು 2023ರಲ್ಲಿ ಉದ್ಗಮ್ ಎಂಬ ಜಾಲತಾಣವನ್ನು ತೆರೆಯಿತು.

ಕಛೇರಿಯ ಬಾಗಿಲಲ್ಲಿ ದಲ್ಲಾಳಿಗಳೂ ಇರುತ್ತಾರೆ. ಬಾಕಿಯಲ್ಲಿ ಇಷ್ಟು ಪಾಲು ಕೊಟ್ಟರೆ ಕೆಲಸ ಮಾಡಿಸಿಕೊಡುತ್ತೇವೆನ್ನುವ ಅವರ ಮಾತಿಗೆ ಮರುಳಾಗಬಾರದು. ಅರ್ಜಿಗೆ ಶುಲ್ಕವೇ ಇಲ್ಲ. ದೂರವಾಣಿಯಲ್ಲಿ ಗುಪ್ತಸಂಖ್ಯೆ ಕೇಳುವವನು ಕಛೇರಿಯವನಲ್ಲವೆಂದೇ ತಿಳಿಯಬೇಕು.

ಪಿಂಚಣಿ ಮಂಜೂರಾದರೆ ಅದಕ್ಕೊಂದು ಹೊಸ ಸಂಖ್ಯೆ ಬರುತ್ತದೆ. 2025ರ ಜನವರಿಯಿಂದ ಬಂದ ಕೇಂದ್ರೀಕೃತ ಪಾವತಿಯ ವ್ಯವಸ್ಥೆಯಂತೆ ದೇಶದ ಯಾವ ಬ್ಯಾಂಕಿನ ಯಾವ ಶಾಖೆಯಲ್ಲಾದರೂ ಹಣ ಪಡೆಯಬಹುದು. ಆದರೆ ವರ್ಷಕ್ಕೊಮ್ಮೆ ತಾನು ಬದುಕಿರುವೆನೆಂದು ಪಿಂಚಣಿದಾರರು ತೋರಿಸಿಕೊಳ್ಳಬೇಕು. ಇದಕ್ಕೆ ಜೀವಿತ ಪ್ರಮಾಣಪತ್ರವೆಂದು ಹೆಸರು. ಅದನ್ನು ಕೊಡದಿದ್ದರೆ ಪಿಂಚಣಿ ನಿಂತುಹೋಗುತ್ತದೆ, ಸಿಕ್ಕ ಕೊಂಡಿ ಮತ್ತೆ ಕಳಚುತ್ತದೆ. ಮೊದಲು ಬೆರಳಚ್ಚಿನಿಂದಲೇ ಇದು ನಡೆಯುತ್ತಿತ್ತು. ನೂಲು ಹಿಡಿದು, ಬೀಡಿ ಕಟ್ಟಿ, ಪಾತ್ರೆ ತಿಕ್ಕಿ ತೇದುಹೋದ ಬೆರಳುಗಳನ್ನು ಯಂತ್ರವು ಗುರುತಿಸದೆ ಹೋಗುವುದುಂಟು. 2022ರಿಂದ ಮುಖವನ್ನು ಗುರುತಿಸುವ ವಿಧಾನವೂ ಬಂದುದರಿಂದ ಮನೆಯಲ್ಲಿ ಕುಳಿತೇ ಮೊಬೈಲ್ ದೂರವಾಣಿಯಲ್ಲಿ ಈ ಕೆಲಸ ಮುಗಿಸಬಹುದು. ಪ್ರಮಾಣಪತ್ರವು ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ.

ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಈಗ 10-ಡಿ ಅರ್ಜಿಯ ಪ್ರತಿಯೂ ಸೇರಿದೆ. ಮಂಜೂರಾತಿಯ ಪತ್ರ ಬಂದ ದಿನ ಅಜ್ಜಿಯ ಮುಖವನ್ನು ಮೊಬೈಲಿನ ಮುಂದೆ ಹಿಡಿದು ಪ್ರಮಾಣಪತ್ರ ಮಾಡಿಸಿದ ಮೊಮ್ಮಗಳು, ಮುಂದಿನ ವರ್ಷ ಅದನ್ನು ಹೊಸದಾಗಿ ಕೊಡಬೇಕಾದ ದಿನಾಂಕವನ್ನು ಪೆಟ್ಟಿಗೆಯ ಮುಚ್ಚಳದ ಒಳಮೈಯಲ್ಲಿ ಸೀಮೆಸುಣ್ಣದಿಂದ ದಪ್ಪಕ್ಷರಗಳಲ್ಲಿ ಬರೆದಿಡುತ್ತಾಳೆ.